ಎರಡು ನಿಮಿಷದ ದೃಶ್ಯ, ಒಂದು ವಾರದ ಪಾಠ: ಸಿನಿಮಾ, ಅಡುಗೆಮನೆ, ಮೊಬೈಲ್ ಹಿಡಿದು ಕನ್ನಡ ಕಲಿಸುವ ಬಗೆ

ಏಳೆಂಟು ವರ್ಷದಿಂದ ಬೆಂಗಳೂರಿನಲ್ಲೇ ಇರುವ ಸಹೋದ್ಯೋಗಿ "ಸ್ವಲ್ಪ ಸ್ವಲ್ಪ ಬರುತ್ತೆ" ಎಂಬ ವಾಕ್ಯ ದಾಟಿ ಮುಂದೆ ಹೋಗಿಲ್ಲ. ಪಕ್ಕದ ಮನೆಯ ಹುಡುಗಿ ಶಾಲೆಯಲ್ಲಿ ಕನ್ನಡ ಓದುತ್ತಾಳೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ತರುತ್ತಾಳೆ. ಎಳನೀರಿನವರ ಮುಂದೆ ನಿಂತರೆ ಬೆರಳು ತೋರಿಸುತ್ತಾಳೆ. ಡಲ್ಲಾಸಿನಲ್ಲೋ ದುಬೈನಲ್ಲೋ ಬೆಳೆಯುತ್ತಿರುವ ಮೊಮ್ಮಗನಿಗೆ ಅಜ್ಜಿ ಹೇಳುವುದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಈ ಮೂವರಿಗೂ ನಾವು ಕೊಡುವ ಸಲಹೆ ಒಂದೇ: "ಕನ್ನಡ ಸಿನಿಮಾ ನೋಡಿ, ತಾನಾಗೇ ಬರುತ್ತೆ." ಅವರು ನೋಡುತ್ತಾರೆ. ಕತೆ ತಿಳಿಯುತ್ತದೆ, ಹಾಡು ಗುನುಗುತ್ತಾರೆ, ನಾಯಕನ ಒಂದೆರಡು ಡೈಲಾಗ್ ಕೂಡ ಹೊಡೆಯುತ್ತಾರೆ. ಮಾತು ಮಾತ್ರ ಬರುವುದಿಲ್ಲ. ಇದರಲ್ಲಿ ಸಿನಿಮಾದ ತಪ್ಪೇನೂ ಇಲ್ಲ. ಎರಡೂವರೆ ಗಂಟೆ ಸುಮ್ಮನೆ ಕೂತು ನೋಡಿದ್ದು ಕಣ್ಣ ಮುಂದೆಯೇ ಸರಿದುಹೋಗುತ್ತದೆ. ಅದೇ ಸಿನಿಮಾದ ಎರಡು ನಿಮಿಷದ ಒಂದು ದೃಶ್ಯವನ್ನು ಕೇಳಿ, ಬರೆದು, ಆಡಿ, ಬದಲಾಯಿಸಿ, ಕೊನೆಗೆ ಒಬ್ಬ ಮನುಷ್ಯನ ಎದುರು ಬಳಸಿದರೆ ಅದು ನಾಲಿಗೆಯಲ್ಲಿ ಉಳಿಯುತ್ತದೆ.

ನೀವು ಕನ್ನಡದ ಮೇಷ್ಟ್ರೇ ಆಗಿರಬೇಕಿಲ್ಲ. ಹೆಂಡತಿಗೆ, ಗಂಡನಿಗೆ, ಅಳಿಯನಿಗೆ, ಬಾಡಿಗೆಗಿರುವ ಹುಡುಗರಿಗೆ, ಹೊರದೇಶದ ವಾರಾಂತ್ಯದ ಕನ್ನಡ ತರಗತಿಯ ಮಕ್ಕಳಿಗೆ ಕಲಿಸಲು ಹೊರಟ ಯಾರಾದರೂ ಈ ಕ್ರಮ ಅನುಸರಿಸಬಹುದು.

ದೃಶ್ಯ ಯಾಕೆ ಕೆಲಸ ಮಾಡುತ್ತದೆ?

ಕಲಿಯುವವರಿಗೆ ಕನ್ನಡ ಕಷ್ಟವಾಗುವುದು ಮೊದಲು ಕಿವಿಯಲ್ಲಿ. ಪುಸ್ತಕದಲ್ಲಿ "ಏನು ಮಾಡುತ್ತಿದ್ದೀರಿ" ಎಂದು ಎರಡು ಪದ ಕಾಣುತ್ತದೆ. ಮನೆಯಲ್ಲಿ ಕೇಳಿಸುವುದು "ಏನ್ಮಾಡ್ತಿದೀರಾ" ಎಂಬ ಒಂದೇ ಉಸಿರು. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಯಿತು ಎಂಬುದೇ ತಿಳಿಯದವರಿಗೆ ನಿಘಂಟು ಕೊಟ್ಟರೂ ಪ್ರಯೋಜನವಿಲ್ಲ. ದೃಶ್ಯದಲ್ಲಿ ಮುಖವಿದೆ, ಕೈಸನ್ನೆಯಿದೆ, ಸಂದರ್ಭವಿದೆ. ಮಾತು ಪೂರ್ತಿ ತಿಳಿಯುವ ಮೊದಲೇ ಅರ್ಥದ ಅರ್ಧ ಸಿಕ್ಕಿರುತ್ತದೆ. ಇನ್ನೊಂದು ಅನುಕೂಲ: ಅದೇ ಸಾಲನ್ನು ಇಪ್ಪತ್ತು ಸಲ ಹೇಳು ಎಂದರೂ ವಿಡಿಯೊಗೆ ಬೇಸರವಿಲ್ಲ. ಮನುಷ್ಯರಿಗೆ ಮೂರನೇ ಸಲಕ್ಕೇ ಬೇಸರ.

ತೆರೆಯ ಮೇಲಿನ ಅಕ್ಷರಕ್ಕೂ ಇಂಥದ್ದೇ ಶಕ್ತಿಯಿದೆ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಅವರು 1996ರಲ್ಲಿ ಒಂದು ಸರಳ ಉಪಾಯ ಯೋಚಿಸಿದರು: ಚಿತ್ರಗೀತೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯ ಅಕ್ಷರ ಪರದೆಯ ಕೆಳಗೆ ಹಾಡಿನ ಜೊತೆಜೊತೆಗೇ ಓಡಬೇಕು. 1999ರಲ್ಲಿ ಗುಜರಾತಿ ದೂರದರ್ಶನದ ಚಿತ್ರಗೀತೆಗಳಲ್ಲಿ ಅದು ಬಳಕೆಗೆ ಬಂತು. ಕಿವಿಗೆ ಬಿದ್ದದ್ದೇ ಕಣ್ಣಿಗೂ ಬಿದ್ದರೆ ಓದು ತಾನಾಗಿ ಗಟ್ಟಿಯಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ನಮ್ಮ ಸಿನಿಮಾಗಳಿಗೆ ಇಂಗ್ಲಿಷ್ ಅಡಿಬರಹ ಸಿಗುವಷ್ಟು ಸುಲಭವಾಗಿ ಕನ್ನಡದ್ದು ಸಿಗುವುದಿಲ್ಲ. ಅದನ್ನು ನೀವೇ ಬರೆದುಕೊಳ್ಳಬೇಕು. ಹತ್ತು ಹನ್ನೆರಡು ಸಾಲು ಬರೆಯಲು ಹೆಚ್ಚು ಹೊತ್ತು ಬೇಕಾಗಿಲ್ಲ.

ನೆನಪಿನ ವಿಷಯದಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟ ಸಂಗತಿ ಇಂದಿಗೂ ನಿಜ: ಕಲಿತದ್ದರಲ್ಲಿ ಬಹುಪಾಲು ಬೇಗ ಮರೆತುಹೋಗುತ್ತದೆ, ನಡುನಡುವೆ ಬಿಡುವು ಕೊಟ್ಟು ಮತ್ತೆ ನೆನಪಿಸಿಕೊಂಡದ್ದು ಉಳಿಯುತ್ತದೆ. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮೇಲು ಎನ್ನುವುದು ಇದಕ್ಕೇ.

ಯಾವ ದೃಶ್ಯ ಆರಿಸಬೇಕು?

ನಾಲ್ಕು ಗುಣ ನೋಡಿ. ಇಬ್ಬರು ಅಥವಾ ಮೂವರೇ ಮಾತಾಡುತ್ತಿರಬೇಕು. ಹಿನ್ನೆಲೆ ಸಂಗೀತ ಮಾತನ್ನು ನುಂಗಿರಬಾರದು. ದಿನವೂ ನಡೆಯುವಂಥ ಸಂದರ್ಭವಾಗಿರಬೇಕು: ನೆಂಟರು ಬರುವುದು, ಮನೆ ಬಾಡಿಗೆ ಕೇಳುವುದು, ಆಸ್ಪತ್ರೆ, ಬಸ್ಸು, ಊಟದ ಹೊತ್ತು. ದೃಶ್ಯದಲ್ಲಿ ಒಬ್ಬರಿಗೆ ಏನೋ ಬೇಕಾಗಿರಬೇಕು, ಇನ್ನೊಬ್ಬರು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಇಂಥ ಕಡೆಯೇ ಬೇಕು, ಬೇಡ, ಸಾಕು, ಆಗುತ್ತೆ, ಆಗಲ್ಲ ಎಂಬ ನಿತ್ಯದ ಮಾತುಗಳೆಲ್ಲ ಬರುತ್ತವೆ.

ಎಲ್ಲಕ್ಕಿಂತ ಮುಖ್ಯ, ಕಲಿಯುವವರು ಯಾವ ಊರಿನಲ್ಲಿ ಬಾಳಬೇಕೋ ಆ ಊರಿನ ಕನ್ನಡ ಆರಿಸಿ. ನೆಂಟರು ಬಂದಾಗ ಧಾರವಾಡದಲ್ಲಿ "ಬರ್ರಿ, ಕುಂದರ್ರಿ" ಎನ್ನುತ್ತಾರೆ, ಮಂಡ್ಯದಲ್ಲಿ "ಕುಂತ್ಕಳಿ, ವಸಿ ಕಾಪಿ ಕುಡೀರಿ" ಎನ್ನುತ್ತಾರೆ, ಮಂಗಳೂರಿನಲ್ಲಿ "ಎಂತ ಕುಡೀತೀರಿ?" ಎಂದು ಕೇಳುತ್ತಾರೆ. ಒಂದನ್ನು ಹಿಡಿದು ಶುರುಮಾಡಿ. ಉಳಿದವು ಆಮೇಲೆ ಕಿವಿಗೆ ಬೀಳಲಿ.

- ಬೆಂಗಳೂರು–ಮೈಸೂರು ಕಡೆಯ ಮನೆಮಾತು: ವಠಾರದ ಹಾಸ್ಯದ "ಗಣೇಶನ ಮದುವೆ" (1990), ತಂದೆ–ಮಗನ ಕತೆಯಾದ "ಗೋಧಿ ಬಣ್ಣ ಸಾಧಾರಣ ಮೈಕಟ್ಟು" (2016). ಎರಡರಲ್ಲೂ ಅನಂತ್ ನಾಗ್ ಇದ್ದಾರೆ. ಅವರ ಮಾತು ಸಹಜ, ಉಚ್ಚಾರ ಸ್ಪಷ್ಟ.
- ಕರಾವಳಿ: ಕನ್ನಡ ಉಪನ್ಯಾಸಕನೊಬ್ಬನ ಸುತ್ತ ನಡೆಯುವ "ಒಂದು ಮೊಟ್ಟೆಯ ಕಥೆ" (2017), ಮಕ್ಕಳ ದನಿಯೇ ತುಂಬಿರುವ "ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು" (2018).
- ಮಂಡ್ಯ ಸೀಮೆ: "ತಿಥಿ". ವೃತ್ತಿನಟರಲ್ಲದ ಹಳ್ಳಿಯವರೇ ಪಾತ್ರವಹಿಸಿರುವುದರಿಂದ ಮಾತಿಗೆ ಒಂದಿಷ್ಟೂ ಪಾಲಿಶ್ ಇಲ್ಲ. ದೊಡ್ಡವರಿಗೆ, ಅದೂ ಸ್ವಲ್ಪ ಕನ್ನಡ ಬಂದ ಮೇಲೆ.
- ಉತ್ತರ ಕರ್ನಾಟಕ: ಕಾರ್ನಾಡರ ನಾಟಕ ಆಧರಿಸಿದ "ನಾಗಮಂಡಲ" (1997). ಇದೂ ದೊಡ್ಡವರಿಗೆ.

"ಬಬ್ರುವಾಹನ"ದಂಥ ಪೌರಾಣಿಕ ಚಿತ್ರಗಳನ್ನು ಬಿಡಬೇಕೆ? ಬೇಡ. ರಾಜ್‌ಕುಮಾರ್ ಅವರ ಮಹಾಪ್ರಾಣ, ಳಕಾರ, ಉಸಿರಿನ ಹಿಡಿತ ಕೇಳಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅದನ್ನು ಉಚ್ಚಾರಕ್ಕೆ, ಗಟ್ಟಿಯಾಗಿ ಓದುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಅರ್ಜುನನ ಧಾಟಿಯಲ್ಲಿ ಆಟೋ ಕರೆದರೆ ಮೀಟರ್ ಮೇಲೆ ಎಷ್ಟು ಕೇಳುತ್ತಾರೋ ಹೇಳಲಾಗದು.

ಒಂದು ದೃಶ್ಯ, ಎಂಟು ಹೆಜ್ಜೆ

ಉದಾಹರಣೆಗೆ ಇಂಥದ್ದೊಂದು ಸಂಭಾಷಣೆ ಇಟ್ಟುಕೊಳ್ಳೋಣ. ಯಾವ ಸಿನಿಮಾದ್ದೂ ಅಲ್ಲ. ಎಷ್ಟೋ ಸಿನಿಮಾಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಮನೆಗಳಲ್ಲಿ ನಡೆಯುವಂಥದ್ದು:

"ಬನ್ನಿ ಬನ್ನಿ, ಒಳಗೆ ಬನ್ನಿ."
"ಹೀಗೇ ಬಂದೆ. ಅವರಿಲ್ವಾ ಮನೇಲಿ?"
"ಈಗ ಬರ್ತಾರೆ, ಕೂತ್ಕೊಳಿ. ಕಾಫಿ ಮಾಡ್ತೀನಿ."
"ಅಯ್ಯೋ ಏನೂ ಬೇಡ, ಈಗ ತಾನೆ ಕುಡಿದು ಬಂದೆ."
"ಒಂದರ್ಧ ಲೋಟ, ಏನಾಗಲ್ಲ."
"ಸರಿ, ಸಕ್ಕರೆ ಸ್ವಲ್ಪ ಕಮ್ಮಿ ಇರಲಿ."

1. ಸದ್ದು ಆರಿಸಿ ನೋಡಿ. ಇವರು ಯಾರು, ಏನು ಸಂಬಂಧ, ಯಾರಿಗೆ ಏನು ಬೇಕು ಎಂದು ಕಲಿಯುವವರು ಊಹಿಸಲಿ. ಊಹೆ ತಪ್ಪಾದರೂ ಒಳ್ಳೆಯದೇ. ಸರಿಯೋ ತಪ್ಪೋ ನೋಡುವ ಕುತೂಹಲದಲ್ಲಿ ಮುಂದಿನ ಸಲ ಕಿವಿ ಚುರುಕಾಗುತ್ತದೆ.

2. ಅಡಿಬರಹವಿಲ್ಲದೆ ಎರಡು ಸಲ ಕೇಳಿಸಿ. ಗೊತ್ತಿರುವ ಪದ ಕೇಳಿಸಿದಾಗಲೆಲ್ಲ ಬೆರಳು ಮಡಚಲಿ. ಮೊದಲ ದಿನ "ಕಾಫಿ" ಒಂದೇ ಸಿಕ್ಕರೂ ಸಾಕು.

3. ಇಂಗ್ಲಿಷ್ ಅಡಿಬರಹ ಒಂದೇ ಸಲ. ಅರ್ಥ ಖಚಿತವಾದ ಕೂಡಲೇ ಅದನ್ನು ತೆಗೆದುಬಿಡಿ. ಪರದೆಯ ಮೇಲೆ ಇಂಗ್ಲಿಷ್ ಇರುವಷ್ಟು ಹೊತ್ತೂ ಕಣ್ಣು ಓದುತ್ತಿರುತ್ತದೆ, ಕಿವಿ ಮಲಗಿರುತ್ತದೆ.

4. ಮಾತನ್ನು ಆಡಿದಂತೆಯೇ ಬರೆದುಕೊಡಿ. "ಇಲ್ವಾ" ಎಂದಿದ್ದರೆ "ಇಲ್ಲವೇ" ಎಂದು ತಿದ್ದಬೇಡಿ, "ಕೂತ್ಕೊಳಿ"ಯನ್ನು "ಕುಳಿತುಕೊಳ್ಳಿ" ಮಾಡಬೇಡಿ. ಪುಸ್ತಕದ ರೂಪ ಬೇಕಿದ್ದರೆ ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಬರೆಯಿರಿ. ಕನ್ನಡ ಅಕ್ಷರ ಬಾರದವರು ಮೊದಮೊದಲು ತಮಗೆ ಗೊತ್ತಿರುವ ಲಿಪಿಯಲ್ಲಿ ಬರೆದುಕೊಳ್ಳಲಿ.

5. ಸಾಲು ಸಾಲಾಗಿ ಹೇಳಿಸಿ. ಒಂದು ಸಾಲು ಕೇಳಿ, ನಿಲ್ಲಿಸಿ, ಅದೇ ರಾಗದಲ್ಲಿ ಹೇಳಿಸಿ. ಆಮೇಲೆ ನಿಲ್ಲಿಸದೆ ಪಾತ್ರದ ಜೊತೆಜೊತೆಗೇ ಹೇಳಲಿ. ಪದ ತಪ್ಪಿದರೂ ಧಾಟಿ ಹಿಡಿಯಲಿ. ಪದ ಆಮೇಲೆ ಕೂತುಕೊಳ್ಳುತ್ತದೆ.

6. ಎದುರಿಗಿರುವವರನ್ನು ಬದಲಾಯಿಸಿ. ಬಂದಿರುವುದು ನೆರೆಮನೆಯ ಹಿರಿಯರಲ್ಲ, ಮಗಳ ಗೆಳತಿ ಎಂದುಕೊಳ್ಳಿ. "ಬನ್ನಿ ಬನ್ನಿ" ಈಗ "ಬಾ ಬಾ" ಆಗಬೇಕು, "ಕೂತ್ಕೊಳಿ" ಹೋಗಿ "ಕೂತ್ಕೊ" ಬರಬೇಕು. ನೀನು–ನೀವು ವ್ಯತ್ಯಾಸಕ್ಕೆ ಒಂದು ಪುಟ ವ್ಯಾಕರಣ ಹೇಳುವ ಬದಲು ಈ ಆಟ ಆಡಿಸಿ.

7. ಒಂದು ವಸ್ತು ಬದಲಾಯಿಸಿ. ಕಾಫಿಯ ಜಾಗಕ್ಕೆ ಮಜ್ಜಿಗೆ, ಸಕ್ಕರೆಯ ಜಾಗಕ್ಕೆ ಉಪ್ಪು. ಇದಾದ ಮೇಲೆ ಆ ವಾಕ್ಯ ಸಿನಿಮಾದವರದಲ್ಲ, ಕಲಿಯುವವರದು.

8. ಅದೇ ವಾರ ಒಬ್ಬರ ಎದುರು ಬಳಸಲಿ. ದರ್ಶಿನಿಯಲ್ಲಿ "ಸಕ್ಕರೆ ಸ್ವಲ್ಪ ಕಮ್ಮಿ ಇರಲಿ" ಎಂದು ಹೇಳಿ ಬರಲಿ. ಏನಾಯಿತು, ಅವರು ಏನೆಂದರು ಎಂದು ಸಂಜೆ ಕೇಳಿ. ಈ ಎಂಟನೆಯ ಹೆಜ್ಜೆ ಬಿಟ್ಟರೆ ಮೊದಲ ಏಳೂ ಬರೀ ಕಸರತ್ತು.

ಮಾತಿನ ಒಳಗಿರುವ ಮರ್ಯಾದೆ

ಮೇಲಿನ ಆರು ಸಾಲಿನಲ್ಲಿ ಪದಗಳಷ್ಟೇ ಇಲ್ಲ. "ಅವರಿಲ್ವಾ" ಎಂದರೆ ಯಾರು ಎಂದು ಹೊರಗಿನವರಿಗೆ ತಿಳಿಯದು. ಮನೆಯ ಯಜಮಾನರ ಹೆಸರೆತ್ತದೆ ಕೇಳುವ ರೀತಿ ಅದು. ಒಬ್ಬರೇ ಬರುವವರಿದ್ದರೂ "ಬರ್ತಾರೆ" ಎಂಬ ಬಹುವಚನ ಯಾಕೆ? ಮೊದಲ "ಬೇಡ" ಎನ್ನುವುದು ನಿಜವಾದ ಬೇಡವೇ? ಇಂಗ್ಲಿಷ್ ಅಡಿಬರಹ ಈ ಮೂರನ್ನೂ ನುಂಗಿಹಾಕುತ್ತದೆ. ಹಾಗಾಗಿ ಪ್ರತಿ ದೃಶ್ಯ ಮುಗಿದ ಮೇಲೆ ಒಂದು ಪ್ರಶ್ನೆ ಕೇಳುವುದನ್ನು ರೂಢಿಮಾಡಿಕೊಳ್ಳಿ: "ಇಲ್ಲಿ ಯಾರು ಯಾರಿಗೆ ಮರ್ಯಾದೆ ಕೊಟ್ಟರು, ಹೇಗೆ ಗೊತ್ತಾಯಿತು?"

ಪರದೆಯ ಹೊರಗೂ ಪಾಠವಾಗುವ ಜಾಗಗಳಿವೆ.

1. ಅಡುಗೆಮನೆ. ಚಿತ್ರಾನ್ನ ಮಾಡುತ್ತ ಕಲಿಸಿ: ಈರುಳ್ಳಿ ಹೆಚ್ಚಿ, ಕಾಯಿ ತುರಿದು, ಒಗ್ಗರಣೆ ಹಾಕಿ, ಕಡಲೆಬೀಜ ಹುರಿದು, ಅನ್ನ ಕಲಸಿ. ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಈ ಕ್ರಿಯಾರೂಪಗಳೇ ಕನ್ನಡ ವಾಕ್ಯದ ಬೆನ್ನೆಲುಬು. ಹೊಸಬರಿಗೆ ಹೆಚ್ಚು ತೊಡಕಾಗುವುದೂ ಇಲ್ಲೇ. ಕೈ ಕೆಲಸ ಮಾಡುತ್ತಿರುವಾಗ ಈ ರೂಪಗಳು ಕ್ರಮವಾಗಿ ಬರುತ್ತವೆ. ಮುಂದಿನ ವಾರ ಕನ್ನಡದ ಅಡುಗೆ ವಿಡಿಯೊ ಒಂದನ್ನು ಸದ್ದಿಲ್ಲದೆ ಹಾಕಿ. ವಿವರಣೆಯನ್ನು ಕಲಿಯುವವರೇ ಕೊಡಲಿ.

2. ಚೌಕಾಬಾರ, ಅಳಗುಳಿಮಣೆ. ಅಂಕಿಗಳನ್ನು ಉರುಹೊಡೆಸಿದರೆ ಹತ್ತರ ಮೇಲೆ ತಡವರಿಸುತ್ತಾರೆ. ಹದಿನಾಲ್ಕು ಗುಳಿಯ ಮಣೆಯಲ್ಲಿ ಹುಣಸೆಬೀಜ ಹಾಕುತ್ತ ಎಣಿಸಿದರೆ ಒಂದು ಸಂಜೆಗೆ ಸಲೀಸಾಗುತ್ತದೆ. "ನಿನ್ನಾಟ", "ಮೋಸ ಮಾಡಬೇಡ", "ಇನ್ನೊಂದಾಟ" ಎಂಬವು ಯಾರೂ ಹೇಳಿಕೊಡದೆ ಬರುತ್ತವೆ.

3. ಹಬ್ಬ. ಸಂಕ್ರಾಂತಿಗೆ ಎಳ್ಳು ಬೀರಲು ಮಗುವನ್ನು ನಾಲ್ಕು ಮನೆಗೆ ಕಳಿಸಿ. ಕರೆಗಂಟೆ ಒತ್ತಿದ ಮೇಲೆ ಏನು ಹೇಳಬೇಕು, ಅವರು "ಅಮ್ಮ ಬರಲಿಲ್ವಾ?" ಎಂದರೆ ಏನು ಉತ್ತರ, ಹೊರಡುವಾಗ "ಹೋಗ್ತೀನಿ" ಎನ್ನದೆ "ಬರ್ತೀನಿ" ಎನ್ನಬೇಕು ಎಂಬುದನ್ನು ಹಿಂದಿನ ದಿನ ಆಡಿಸಿ ನೋಡಿ.

4. ಬೀದಿಯ ಫಲಕಗಳು. ಅಂಗಡಿ ಬೋರ್ಡಿನ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂಬ ನಿಯಮ 2024ರಿಂದ ಇದೆ. ಬೇಕರಿ, ಮೆಡಿಕಲ್ಸ್, ಮೊಬೈಲ್, ಬ್ಯಾಂಕ್ ಎಂಬ ಪದಗಳ ಅರ್ಥ ಹೊಸಬರಿಗೆ ಮೊದಲೇ ಗೊತ್ತು; ಪಕ್ಕದಲ್ಲಿ ಇಂಗ್ಲಿಷೂ ಇರುತ್ತದೆ. ಉಳಿದದ್ದು ಅಕ್ಷರ ಗುರುತಿಸುವುದಷ್ಟೆ. ಒಂದು ಬೀದಿ ನಡೆದು ಬಂದರೆ ಹದಿನೈದಿಪ್ಪತ್ತು ಅಕ್ಷರ ಪರಿಚಯವಾಗುತ್ತವೆ.

5. ಮೆಟ್ರೊ. ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿ ಕೊಟ್ಟವರು ದಿವಂಗತ ಅಪರ್ಣಾ. ನಿಲ್ದಾಣದ ಹೆಸರು, ಬಾಗಿಲು, ಎಡ, ಬಲ: ಇದಕ್ಕಿಂತ ಸ್ಪಷ್ಟವಾದ ಪುನರಾವರ್ತನೆ ಬೇರೆಲ್ಲೂ ಸಿಗದು. ಕನ್ನಡ ಪ್ರಕಟಣೆ ಕೇಳಿ ಅರ್ಥ ಹೇಳುವುದು, ಇಂಗ್ಲಿಷ್ ಬಂದಾಗ ಸರಿಯೇ ಎಂದು ನೋಡಿಕೊಳ್ಳುವುದು, ಇಷ್ಟೇ ಆಟ.

ಮೊಬೈಲಿನಲ್ಲಿ ಏನಿರಲಿ?

ಆ್ಯಪ್‌ಗಳ ಪಟ್ಟಿ ಉದ್ದವಾದಷ್ಟೂ ಕಲಿಕೆ ಗಿಡ್ಡವಾಗುತ್ತದೆ. ಈ ಆರರಲ್ಲಿ ಮೂರನ್ನು ಆರಿಸಿಕೊಂಡರೆ ಸಾಕು.

1. ವಾಟ್ಸ್ಆ್ಯಪ್ ಧ್ವನಿ ಸಂದೇಶ. ಅಜ್ಜಿಯೋ ಅತ್ತೆಯೋ ದಿನಕ್ಕೊಂದು ಅರ್ಧ ನಿಮಿಷದ ಸಂದೇಶ ಕಳಿಸಲಿ: ಇವತ್ತು ಏನಡುಗೆ, ಯಾರು ಬಂದಿದ್ದರು. ಉತ್ತರ ಕನ್ನಡದಲ್ಲಿ, ಎಷ್ಟು ಚಿಕ್ಕದಾದರೂ ಸರಿ. ವಿಡಿಯೊ ಕರೆಯಲ್ಲಿ ತಡವರಿಸಿ ಇಂಗ್ಲಿಷಿಗೆ ಜಾರುವ ಮಗು ಇಲ್ಲಿ ಯೋಚಿಸಿ, ಅಳಿಸಿ, ಮತ್ತೆ ಹೇಳಿ ಕಳಿಸಬಹುದು. ಹೊರದೇಶದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

2. ವಿಡಿಯೊದ ವೇಗ. ಯೂಟ್ಯೂಬಿನ ಸೆಟ್ಟಿಂಗ್ಸ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ ಕೇಳಿಸಿ. ಅದಕ್ಕಿಂತ ಕೆಳಗಿಳಿದರೆ ದನಿ ಎಳೆದಂತಾಗಿ ಮಾತಿನ ಲಯವೇ ಕೆಡುತ್ತದೆ. ಕೊನೆಯ ಸಲ ಕೇಳುವಾಗ ಮಾಮೂಲಿ ವೇಗಕ್ಕೆ ಮರಳಬೇಕು.

3. ಧ್ವನಿಯಿಂದ ಟೈಪ್ ಮಾಡುವುದು. ಜಿಬೋರ್ಡಿನಲ್ಲಿ ಕನ್ನಡ ಆರಿಸಿ ಮೈಕ್ ಒತ್ತಿ ಹೇಳಿದರೆ ಅಕ್ಷರ ಮೂಡುತ್ತದೆ. ಹುಲಿ–ಹುಳಿ, ಬಲೆ–ಬಳೆ, ಕತೆ–ಕತ್ತೆ ಇಂಥ ಜೋಡಿಗಳನ್ನು ಪರೀಕ್ಷಿಸಲು ಚೆನ್ನ. ಒಂದು ಎಚ್ಚರ: ಯಂತ್ರ ಸಂದರ್ಭ ನೋಡಿ ಊಹಿಸುತ್ತದೆ. "ಕಾಡಿನಲ್ಲಿ ಹುಳಿ ಇದೆ" ಎಂದರೂ ಅದು "ಹುಲಿ" ಎಂದು ತಿದ್ದಿಕೊಳ್ಳಬಹುದು. ಆದ್ದರಿಂದ ಬಿಡಿ ಪದ ಹೇಳಿಸಿ ನೋಡಿ. ಕೊನೆಯ ತೀರ್ಪು ನಿಮ್ಮ ಕಿವಿಯದಾಗಿರಲಿ.

4. ನೆನಪಿನ ಕಾರ್ಡುಗಳು. ಆ್ಯಂಕಿಯಂಥ ತಂತ್ರಾಂಶ ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡನ್ನು ಮತ್ತೆ ತೋರಿಸುತ್ತದೆ. ಕಾರ್ಡಿನಲ್ಲಿ ಬಿಡಿ ಪದ ಹಾಕಬೇಡಿ. ದೃಶ್ಯದ ಒಂದು ಪೂರ್ತಿ ಸಾಲು, ಜೊತೆಗೆ ನಿಮ್ಮದೇ ದನಿಯ ರೆಕಾರ್ಡಿಂಗ್ ಹಾಕಿ. ವಾರಕ್ಕೆ ಹತ್ತು ಕಾರ್ಡು ಸಾಕು.

5. ಅಲರ್ ನಿಘಂಟು, ಸ್ಟೋರಿವೀವರ್. ವಿ. ಕೃಷ್ಣ ಅವರು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ಅಲರ್, ಅಂತರ್ಜಾಲದಲ್ಲಿ ಉಚಿತ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಹಂತ ಹಂತವಾಗಿ ಸಿಗುತ್ತವೆ. ಅಕ್ಷರ ಕಲಿತ ದೊಡ್ಡವರೂ ಸಂಕೋಚವಿಲ್ಲದೆ ಮೊದಲ ಹಂತದಿಂದ ಶುರುಮಾಡಲಿ.

6. ಎಐ ಸಂಭಾಷಣೆ. "ನೀನು ಮಲ್ಲೇಶ್ವರದ ತರಕಾರಿ ಅಂಗಡಿಯವನು, ನಾನು ಗಿರಾಕಿ. ಆಡುಮಾತಿನಲ್ಲಿ, ಒಂದೊಂದೇ ಚಿಕ್ಕ ವಾಕ್ಯ ಹೇಳು" ಎಂದು ಬರೆದು ಅಭ್ಯಾಸ ಮಾಡಬಹುದು. ನಾಚಿಕೆ ಸ್ವಭಾವದವರಿಗೆ ಒಳ್ಳೆಯ ತಾಲೀಮು. ಆದರೆ ಅದು ಆಗಾಗ ಗ್ರಾಂಥಿಕಕ್ಕೆ ಜಾರುತ್ತದೆ, ಇಲ್ಲದ ನುಡಿಗಟ್ಟು ಕಟ್ಟುತ್ತದೆ, ಎಲ್ಲರಿಗೂ ಒಂದೇ ಮರ್ಯಾದೆ ಕೊಡುತ್ತದೆ. ಅದು ಹೇಳಿಕೊಟ್ಟ ಹೊಸ ವಾಕ್ಯವನ್ನು ಕನ್ನಡ ಬಲ್ಲ ಒಬ್ಬರಿಗೆ ತೋರಿಸಿದ ಮೇಲೆಯೇ ಬಳಸಲಿ. ಅನುವಾದದ ಆ್ಯಪ್‌ಗಳಿಗೂ ಇದೇ ಮಾತು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಪೂರ್ತಿ ಸಿನಿಮಾವನ್ನೇ ಪಾಠ ಎಂದುಕೊಳ್ಳುವುದು. ಸಿನಿಮಾವನ್ನು ಮನರಂಜನೆಗೆ ಪೂರ್ತಿ ನೋಡಲಿ. ಪಾಠಕ್ಕೆ ಎರಡೇ ನಿಮಿಷ. ಎರಡನ್ನೂ ಬೆರೆಸಿದರೆ ಖುಷಿಯೂ ಹೋಗುತ್ತದೆ, ಕಲಿಕೆಯೂ ಆಗದು.

2. ನಾಯಕನ ಮಾತನ್ನು ನಿತ್ಯದ ಮಾತೆಂದು ತಿಳಿಯುವುದು. "ಲೇ", "ಮಗಾ", "ಗುರು" ಎಲ್ಲವೂ ಕನ್ನಡವೇ. ಯಾರಿಗೆ ಯಾರು ಹೇಳಬಹುದು ಎಂಬುದು ಗೊತ್ತಿರದಿದ್ದರೆ ಬ್ಯಾಂಕಿನ ಮ್ಯಾನೇಜರನ್ನೂ "ಮಗಾ" ಎಂದುಬಿಡುವ ಅಪಾಯವಿದೆ. ಹೊಸಬರು ಮೊದಲ ಆರು ತಿಂಗಳು ಎಲ್ಲರಿಗೂ "ನೀವು" ಎಂದೇ ಹೇಳಲಿ. ಹೆಚ್ಚು ಮರ್ಯಾದೆ ಕೊಟ್ಟರೆ ನಗುತ್ತಾರೆ. ಕಡಿಮೆ ಕೊಟ್ಟರೆ ಮುನಿಸಿಕೊಳ್ಳುತ್ತಾರೆ.

3. ಪ್ರತಿ ತಪ್ಪನ್ನೂ ತಿದ್ದುವುದು. ಇಂಗ್ಲಿಷಿನಲ್ಲಿ ಬೆಳೆದ ಮಗು "ನಾನು ಹಾಲು ಬೇಕು" ಎನ್ನುತ್ತದೆ. ತಡೆದು ವಿಭಕ್ತಿ ಹೇಳಬೇಡಿ. "ನಿನಗೆ ಹಾಲು ಬೇಕಾ? ನನಗೂ ಬೇಕು, ತಗೋ" ಎಂದು ಸರಿಯಾದ ರೂಪವನ್ನು ಮಾತಿನಲ್ಲೇ ಎರಡು ಸಲ ಕೇಳಿಸಿ. ವಾರಕ್ಕೊಂದು ತಪ್ಪನ್ನು ಮಾತ್ರ ಗುರಿಯಿಟ್ಟು ತಿದ್ದಿ.

4. ಉಚ್ಚಾರಕ್ಕೆ ನಗುವುದು. ಮಗು "ಬಾಳೆಹಣ್ಣು" ಎನ್ನಲು ಹೋಗಿ "ಬಾಲೆಹನ್ನು" ಎಂದಾಗ ಮನೆಮಂದಿಯೆಲ್ಲ ನಕ್ಕು, ನೆಂಟರ ಮುಂದೆ ಮತ್ತೆ ಹೇಳಿಸುತ್ತಾರೆ. ಆಮೇಲೆ ಆ ಮಗು ಬಾಯಿ ಬಿಡುವುದಿಲ್ಲ.

5. ಅಕ್ಷರ ಮುಗಿಯದೆ ಮಾತಿಲ್ಲ ಎನ್ನುವುದು. ಕಾಗುಣಿತ ಮುಗಿಸಿ, ಒತ್ತಕ್ಷರ ಮುಗಿಸಿ, ಆಮೇಲೆ ಮಾತು ಎಂದರೆ ದೊಡ್ಡವರು ಘಕಾರದ ಹೊತ್ತಿಗೇ ಬಿಟ್ಟುಬಿಡುತ್ತಾರೆ. ನಮ್ಮ ಮನೆಯ ಮಕ್ಕಳು ಮಾತು ಕಲಿತ ಎಷ್ಟೋ ಕಾಲದ ಮೇಲೆ ಅಕ್ಷರ ಕಲಿತರು.

6. ಇನ್ನೊಂದು ಸೀಮೆಯ ಮಾತನ್ನು ತಪ್ಪೆನ್ನುವುದು. "ಉಂಟು" ತಪ್ಪು, "ಇದೆ" ಸರಿ ಎಂದು ಹೇಳಿಕೊಟ್ಟವರು ಮಂಗಳೂರಿಗೆ ಹೋದಾಗ ಪೆಚ್ಚಾಗುತ್ತಾರೆ. "ಅಲ್ಲಿ ಹಾಗನ್ನುತ್ತಾರೆ, ಇಲ್ಲಿ ಹೀಗೆ" ಎಂದಷ್ಟೇ ಹೇಳಿ.

7. ನಾವೇ ಭಾಷೆ ಬದಲಾಯಿಸುವುದು. ಇದು ಎಲ್ಲಕ್ಕಿಂತ ದೊಡ್ಡದು. ಎದುರಿನವರು ಕಷ್ಟಪಟ್ಟು ಒಂದು ವಾಕ್ಯ ಕನ್ನಡದಲ್ಲಿ ಹೇಳುತ್ತಾರೆ. ಅವರಿಗೆ ಅನುಕೂಲವಾಗಲಿ ಎಂದು ನಾವು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಉತ್ತರಿಸುತ್ತೇವೆ. ಉಪಕಾರ ಎಂದುಕೊಂಡದ್ದು ಅಲ್ಲಿಗೆ ಪಾಠ ನಿಲ್ಲಿಸುತ್ತದೆ. ಭೇಟಿಯಾದಾಗ ಮೊದಲ ಎರಡು ನಿಮಿಷ ಕನ್ನಡ ಬಿಟ್ಟು ಬೇರೆ ಮಾತಿಲ್ಲ ಎಂದು ಒಪ್ಪಂದ ಮಾಡಿಕೊಳ್ಳಿ. ನಿಧಾನವಾಗಿ ಮಾತಾಡಿ, ಚಿಕ್ಕ ವಾಕ್ಯ ಬಳಸಿ, ಕೈಸನ್ನೆ ಮಾಡಿ. ಭಾಷೆ ಮಾತ್ರ ಬದಲಾಯಿಸಬೇಡಿ.

ಒಂದಿಷ್ಟು ಎಚ್ಚರಿಕೆ

- ಮಕ್ಕಳಿಗೆ ತೋರಿಸುವ ಮೊದಲು ದೃಶ್ಯವನ್ನು ನೀವು ಪೂರ್ತಿ ನೋಡಿ. ಸೆನ್ಸಾರ್ ಪ್ರಮಾಣಪತ್ರದಲ್ಲಿ ಈಗ ಯುಎ 7+, 13+, 16+ ಎಂಬ ವಿಂಗಡಣೆಯಿದೆ. ಹಳೆಯ ಚಿತ್ರಗಳಲ್ಲಿ ಅದಿಲ್ಲ. ಹಳೆಯ ಹಾಸ್ಯದಲ್ಲಿ ಬಣ್ಣ, ಜಾತಿ, ಹೆಂಗಸರ ಕುರಿತ ಲೇವಡಿ ಸಾಕಷ್ಟಿರುತ್ತದೆ.
- ತರಗತಿಯಲ್ಲಿ ಪಾಠಕ್ಕಾಗಿ ಬಳಸಲು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಕೆಲವು ವಿನಾಯಿತಿ ಕೊಡುತ್ತದೆ. ಸಿನಿಮಾದ ತುಣುಕು ಕತ್ತರಿಸಿ ಸಾರ್ವಜನಿಕವಾಗಿ ಹಾಕುವುದು ಬೇರೆ ವಿಷಯ, ಮಾಡಬೇಡಿ. ಬೇರೆ ದೇಶದಲ್ಲಿದ್ದರೆ ಅಲ್ಲಿನ ಕಾನೂನು ನೋಡಿಕೊಳ್ಳಿ.
- ಮಕ್ಕಳ ದನಿ, ಮುಖ, ಶಾಲೆಯ ಹೆಸರುಗಳನ್ನು ಆ್ಯಪ್‌ಗಳಿಗೂ ದೊಡ್ಡ ಗುಂಪುಗಳಿಗೂ ಕೊಡಬೇಡಿ. ಅಭ್ಯಾಸದ ರೆಕಾರ್ಡಿಂಗ್ ಮನೆಯವರ ನಡುವೆ ಇರಲಿ.

ಒಂದು ವಾರದ ಮಾದರಿ

- ಸೋಮವಾರ: ದೃಶ್ಯ ಆರಿಸಿ, ಹೆಜ್ಜೆ 1ರಿಂದ 3. ಹದಿನೈದು ನಿಮಿಷ.
- ಮಂಗಳವಾರ: ಸಾಲುಗಳನ್ನು ಬರೆದುಕೊಂಡು ಓದುವುದು, ಹತ್ತು ಕಾರ್ಡು ಮಾಡುವುದು.
- ಬುಧವಾರ: 0.75 ವೇಗದಲ್ಲಿ ಜೊತೆಜೊತೆಗೆ ಹೇಳುವುದು, ತನ್ನ ದನಿ ರೆಕಾರ್ಡ್ ಮಾಡಿ ಕೇಳಿಕೊಳ್ಳುವುದು.
- ಗುರುವಾರ: ನೀವು–ನೀನು ಬದಲಾವಣೆ, ವಸ್ತು ಬದಲಾವಣೆ.
- ಶುಕ್ರವಾರ: ಒಂದು ಧ್ವನಿ ಸಂದೇಶ, ದೃಶ್ಯದ ಎರಡು ವಾಕ್ಯವಾದರೂ ಅದರಲ್ಲಿರಲಿ.
- ಶನಿವಾರ: ಅಂಗಡಿ, ಹೋಟೆಲು, ನೆರೆಮನೆ, ಎಲ್ಲಾದರೂ ಸರಿ, ನಿಜವಾದ ಬಳಕೆ.
- ಭಾನುವಾರ: ಸಿನಿಮಾ ಪೂರ್ತಿ ನೋಡಿ. ಪಾಠವಿಲ್ಲ.

ಎರಡನೆಯ ಹೆಜ್ಜೆಯನ್ನು ಕಲಿಯುವವರು ಒಬ್ಬರೇ ದಿನವೂ ಮಾಡಬಹುದು. ಶನಿವಾರದ ಕೆಲಸಕ್ಕೆ ಮಾತ್ರ ಇನ್ನೊಬ್ಬರು ಬೇಕು. ಒಂದು ತಿಂಗಳು ಮುಗಿದಾಗ ನಾಲ್ಕು ದೃಶ್ಯ, ನಲವತ್ತು ಸಾಲು ಕೈಯಲ್ಲಿರುತ್ತವೆ. ಕಡಿಮೆ ಎನಿಸಬಹುದು. ಕಾಫಿ ಕೇಳಲು, ದಾರಿ ವಿಚಾರಿಸಲು, ಬೇಡ ಎಂದು ನಯವಾಗಿ ಹೇಳಲು, ಬೀಳ್ಕೊಳ್ಳಲು ಅಷ್ಟು ಸಾಕು. ಈ ವಾರ ನೀವು ಮಾಡಬೇಕಾದ ಕೆಲಸ ಎರಡು: ಒಂದು ದೃಶ್ಯ ಹುಡುಕಿ ಬರೆದಿಡಿ, ನಿಮ್ಮ ಜೊತೆ ಯಾರಾದರೂ ಹರಕುಮುರುಕು ಕನ್ನಡದಲ್ಲಿ ಮಾತಿಗಿಳಿದರೆ, ಕನ್ನಡದಲ್ಲೇ ಉತ್ತರ ಕೊಡಿ.